ಗೂಗಲ್‌ನ ‘ಚೇಂಜ್ ಆಫ್ ಅಡ್ರೆಸ್’: ಕೂರ್ಗ್ ಸೈಟು ಕೊಡಗು ಆಗುವಾಗ

ಮಡಿಕೇರಿ, ವಿರಾಜಪೇಟೆ, ಕಕ್ಕಬ್ಬೆ ಕಡೆಯ ಎಷ್ಟೋ ಹಳೆಯ ಹೋಂಸ್ಟೇ ಸೈಟುಗಳ ಹೆಸರು ‘ಕೂರ್ಗ್’ ಎಂದೇ ಶುರುವಾಗುತ್ತದೆ. ಅದನ್ನು ‘ಕೊಡಗು’ ಮಾಡಬೇಕೆನ್ನುವವರಿಗೂ, ರೂಮಿನ ಜೊತೆಗೆ ಕಾಫಿಪುಡಿ, ಕಾಳುಮೆಣಸು ಮಾರಲು ಹೊರಟು ಹೊಸ ಹೆಸರು ಹುಡುಕುತ್ತಿರುವವರಿಗೂ ಇರುವ ಅಂಜಿಕೆ ಒಂದೇ: ಇಷ್ಟು ವರ್ಷ ಗೂಗಲ್‌ನಲ್ಲಿ ಮೊದಲ ಪುಟದಲ್ಲಿದ್ದದ್ದು ಜಾರಿಹೋದರೆ? ಇದಕ್ಕೆಂದೇ, ಸೈಟು ಮಾಲೀಕರಿಗಾಗಿ ಗೂಗಲ್ ನಡೆಸುವ ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್ ಒಳಗೆ ‘ಚೇಂಜ್ ಆಫ್ ಅಡ್ರೆಸ್’ ಎಂಬ ಪುಕ್ಕಟೆ ಸಲಕರಣೆ ಇದೆ. ಒಳ್ಳೆಯದೇ, ಆದರೆ ಹೆಸರು ದೊಡ್ಡದು, ಕೆಲಸ ಚಿಕ್ಕದು. ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟಂತೆ ಅಷ್ಟೆ. ಸಾಮಾನು ಹೊರುವುದು ನಿಮ್ಮ ಪಾಲಿಗೇ ಉಳಿಯುತ್ತದೆ.

ಒಂದು ಡೊಮೇನ್‌ನಿಂದ, ಅಂದರೆ ಸೈಟಿನ ಒಂದು ಹೆಸರಿನಿಂದ, ಇನ್ನೊಂದಕ್ಕೆ ಹೋಗುವಾಗ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಲು, ಅಥವಾ ಅದೇ ಸೈಟಿನೊಳಗೆ ಪುಟಗಳನ್ನು ಅತ್ತಿತ್ತ ಮಾಡಲು ಬೇಕಿಲ್ಲ. ಹಳೆಯ, ಹೊಸ ಎರಡೂ ಪ್ರಾಪರ್ಟಿಗಳಿಗೆ (ಸರ್ಚ್ ಕನ್ಸೋಲ್‌ಗೆ ಸೇರಿಸಿದ ಸೈಟುಗಳಿಗೆ) ಒಂದೇ ಗೂಗಲ್ ಖಾತೆ ಮಾಲೀಕನಾಗಿರಬೇಕು. ಸೈಟು ಮಾಡಿಕೊಟ್ಟವರ ಖಾತೆಯಲ್ಲೇ ಹಳೆಯದು ಸಿಕ್ಕಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ. ಹಲವರು ಎಡವುವ ಇನ್ನೊಂದು ಜಾಗ ಸಬ್‌ಡೊಮೇನ್. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ರೂಪ, ಇಲ್ಲದ ರೂಪ ಎರಡೂ ಬಳಕೆಯಲ್ಲಿದ್ದರೆ ಎರಡಕ್ಕೂ ಬೇರೆಬೇರೆಯಾಗಿ ಅರ್ಜಿ ಹಾಕಬೇಕು, ಒಂದಕ್ಕೆ ಹಾಕಿದರೆ ಇನ್ನೊಂದು ತಾನಾಗಿ ಹಿಂಬಾಲಿಸುವುದಿಲ್ಲ. ಬಟನ್ ಒತ್ತಿದಾಗ ಮುಖಪುಟದಲ್ಲಿ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ಏರ್ಪಾಡು) ಇದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಹಸಿರು ಟಿಕ್ ಬಂತೆಂದು ಎಲ್ಲ ಪುಟಗಳೂ ಸರಿಯಿವೆ ಅಂದುಕೊಳ್ಳುವುದು ತಪ್ಪು.

ಆ ಎಲ್ಲ ಪುಟಗಳ ಪಟ್ಟಿ ಮಾಡಲು, ಲಿಂಕ್ ಹಿಡಿದು ಹೋಗಿ ಪುಟ ಹುಡುಕುವ (ಕ್ರಾಲ್ ಮಾಡುವ) ತಂತ್ರಾಂಶವಾದ ಸ್ಕ್ರೀಮಿಂಗ್ ಫ್ರಾಗ್‌ನ ಉಚಿತ ಆವೃತ್ತಿ ಸಾಕು. ಮಿತಿ 500 ವಿಳಾಸ. ಆದರೆ ಫೋಟೊಗಳೂ ಅದರಲ್ಲೇ ಲೆಕ್ಕಕ್ಕೆ ಬರುವುದರಿಂದ ಗ್ಯಾಲರಿ ತುಂಬಿಸಿದ ಹೋಂಸ್ಟೇ ಸೈಟಿಗೆ ಅದು ಬೇಗ ಮುಗಿದುಹೋಗುತ್ತದೆ. ಜೊತೆಗೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಅವಧಿ ಆರಿಸಿ, ಪುಟಗಳ ಪಟ್ಟಿ ಇಳಿಸಿಕೊಳ್ಳಿ (ಒಮ್ಮೆಗೆ 1000 ಸಾಲು). ಲಿಂಕ್ಸ್ ವರದಿಯನ್ನೂ ಬಿಡಬೇಡಿ. ಮೆನುವಿನಿಂದ ಎಂದೋ ತೆಗೆದುಹಾಕಿದ ಮಾಂದಲಪಟ್ಟಿ ಜೀಪು ದಾರಿಯ ಪುಟಕ್ಕೆ ಹೊರಗಿನಿಂದ ಹತ್ತು ಲಿಂಕ್ ಬರುತ್ತಿರುವುದು ಅಲ್ಲೇ ಕಾಣುವುದು.

ನಿಜವಾದ ಕಿರಿಕಿರಿ ಕನ್ನಡ ವಿಳಾಸಗಳದ್ದು. ಕನ್ನಡದ ಪ್ರತಿಯೊಂದು ಅಕ್ಷರ, ಗುಣಿತ ಚಿಹ್ನೆ, ಹಲಂತ (್) ಚಿಹ್ನೆ 3 ಬೈಟ್. ವಿಳಾಸದಲ್ಲಿ ಪರ್ಸೆಂಟ್ ರೂಪಕ್ಕೆ (% ಚಿಹ್ನೆ ಸೇರಿದ ಸಂಕೇತಕ್ಕೆ) ಬಂದಾಗ ಒಂದೊಂದೂ 9 ಅಕ್ಷರ. ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಪುಟದ ಹೆಸರಿರುವ ಭಾಗಕ್ಕೆ) ಕೊಡುವ ಜಾಗ 200 ಅಕ್ಷರ. ಹಾಗಾಗಿ ‘ತಲಕಾವೇರಿ-ತುಲಾ-ಸಂಕ್ರಮಣ-ದಾರಿ’ ಎಂಬ ವಿಳಾಸ ‘ದಾ’ ಎಂಬಲ್ಲಿಗೆ ತುಂಡಾಗುತ್ತದೆ. ಶೀರ್ಷಿಕೆ ನೋಡಿ ರೀಡೈರೆಕ್ಟ್ ಪಟ್ಟಿ ಬರೆದರೆ ಅದು ಯಾವ ಪುಟಕ್ಕೂ ಹೊಂದುವುದಿಲ್ಲ. ಕ್ರಾಲ್‌ನಲ್ಲಿ ಬಂದ ವಿಳಾಸವನ್ನೇ ನಕಲು ಮಾಡಬೇಕು. ಅಷ್ಟು ಮಾಡಿದರೂ ಅಪಾಚೆ ಸರ್ವರ್‌ನಲ್ಲಿ ಮತ್ತೊಂದು ಗುಂಡಿ ಇದೆ. ಅದು ವಿಳಾಸವನ್ನು ಮೊದಲು ಬಿಡಿಸಿಕೊಂಡು ಆಮೇಲೆ ನಿಯಮಕ್ಕೆ ಹೋಲಿಸುತ್ತದೆ. ಪರ್ಸೆಂಟ್ ಚಿಹ್ನೆಗಳ ಸರಪಳಿಯನ್ನೇ ನಿಯಮದ ಎಡಬದಿಗೆ, ಹಳೆಯ ವಿಳಾಸದ ಜಾಗಕ್ಕೆ, ಅಂಟಿಸಿದರೆ ನಿಯಮ ಕೆಲಸವನ್ನೇ ಮಾಡುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಎಡಬದಿಯಲ್ಲಿ ನೇರ ಕನ್ನಡ ಅಕ್ಷರವೇ ಇರಬೇಕು. ನಿಯಮ ಬರೆಯುವ .htaccess ಫೈಲನ್ನು ಬಿಒಎಂ (ಫೈಲಿನ ಮೊದಲಿಗೆ ಕಾಣದಂತೆ ಕೂರುವ ಗುರುತು) ಇಲ್ಲದ ಯುಟಿಎಫ್-8ನಲ್ಲಿ ಉಳಿಸಿ. ಬಿಒಎಂ ಸೇರಿಕೊಂಡರೆ ಇಡೀ ಸೈಟು 500 ದೋಷ ತೋರಿಸಿ ಮಲಗುತ್ತದೆ.

ಇಷ್ಟೆಲ್ಲ ತಲೆನೋವು ಬೇಡವೆಂದರೆ ಡೊಮೇನ್ ಮಾತ್ರ ಬದಲಿಸಿ, ಒಳಗಿನ ದಾರಿಗಳನ್ನು ಹಾಗೇ ಬಿಡಿ. ಆಗ ಒಂದೇ ನಿಯಮ ಸಾಕು. ಹೊಸ ವಿನ್ಯಾಸವೂ ಆಗಲೇ ಬೇಕೆನ್ನುವವರಿಗೆ ನಮ್ಮ ಉತ್ತರ ಬೇಡ ಎಂದೇ: ರ‍್ಯಾಂಕ್ ಇಳಿದರೆ ಹೆಸರಿನ ದೆಸೆಯಿಂದಲೋ ಹೊಸ ಥೀಮಿನ ದೆಸೆಯಿಂದಲೋ ಪತ್ತೆಹಚ್ಚಲಾಗದು. ಹಳೆಯ ಪುಟಗಳನ್ನೆಲ್ಲ ಸಾರಾಸಗಟು ಹೊಸ ಮುಖಪುಟಕ್ಕೆ ತಿರುಗಿಸುವುದು ಸೋಮಾರಿತನ. ಗೂಗಲ್ ಅಂಥದ್ದನ್ನು ಸಾಫ್ಟ್ 404 (ಇಲ್ಲದ ಪುಟಕ್ಕೆ ಸಮ) ಎಂದು ಪರಿಗಣಿಸುತ್ತದೆ. ಹಳೆಯ ಸೈಟನ್ನು ಸರ್ಚ್ ಎಂಜಿನ್‌ಗಳಿಗೆ ಸೂಚನೆ ಬರೆದಿಡುವ ರೋಬಾಟ್ಸ್ ಫೈಲಿನಲ್ಲಿ ತಡೆದರಂತೂ ಪುಟ ಓದಲು ಬರುವ ಗೂಗಲ್‌ಬಾಟ್‌ಗೆ ರೀಡೈರೆಕ್ಟ್ ಕಾಣುವುದೇ ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ಹೊಸ ಸೈಟು ಕಟ್ಟುವಾಗ ಸರ್ಚ್ ಎಂಜಿನ್ ಬೇಡವೆಂದು ಹಾಕಿದ ಟಿಕ್ ತೆಗೆದಿರಾ, ನೋಡಿ.

ಕಾಲ ಯಾವುದು? ಜೂನ್, ಜುಲೈ. ಮಳೆಗೆ ಅತಿಥಿಗಳು ಕಡಿಮೆ, ಹುಡುಕುವವರೂ ಕಡಿಮೆ. ಚಿಕ್ಕ ಸೈಟು ಕೆಲವು ವಾರ ಏರಿಳಿದರೂ ದಸರಾ ಹೊತ್ತಿಗೆ ನೆಲೆ ನಿಲ್ಲಲು ಸಮಯ ಸಿಗುತ್ತದೆ. ಕರೆಂಟು ಕೈಕೊಡುವ ಕಾಲವೂ ಅದೇ ಆದ್ದರಿಂದ ಬ್ಯಾಕಪ್ ಮೊದಲೇ ಇಳಿಸಿಕೊಂಡಿರಿ. ಗೂಗಲ್ ಈ ಸ್ಥಳಾಂತರವನ್ನು 180 ದಿನ ಗಮನದಲ್ಲಿಡುತ್ತದೆ: ಜೂನ್ 15ಕ್ಕೆ ಒತ್ತಿದರೆ ಡಿಸೆಂಬರ್ 12ರವರೆಗೆ. ಮನಸ್ಸು ಬದಲಾದರೆ ಅಷ್ಟರೊಳಗೆ ರದ್ದು ಮಾಡಬಹುದು.

ಈ ಸಲಕರಣೆಗೆ ಐದಕ್ಕೆ ಮೂರೂವರೆ ಕೊಡಬಹುದು. ಮುಖಪುಟ ಬಿಟ್ಟು ಒಳಗಿನ ಕೆಟ್ಟ ರೀಡೈರೆಕ್ಟ್‌ಗಳನ್ನೂ ಪಟ್ಟಿ ಮಾಡಿ ತೋರಿಸಿದ್ದರೆ ನಾಲ್ಕೂವರೆ. ಹೆಸರು ಕೊಡಗು ಆದರೂ ಪುಟದೊಳಗಿನ ‘ಕೂರ್ಗ್’ ಪದವನ್ನು ಪೂರ್ತಿ ಅಳಿಸಬೇಡಿ. ಹೊರಗಿನವರು ಹುಡುಕುವುದು ಹಾಗೆಯೇ, 2019ರಲ್ಲಿ ಜಿಐ (ಭೌಗೋಳಿಕ ಗುರುತು) ಪಡೆದ ಕಾಫಿಯ ಹೆಸರೂ ‘ಕೂರ್ಗ್ ಅರೇಬಿಕಾ’ ಎಂದೇ. ಮ್ಯಾಪ್ಸ್‌ನಲ್ಲಿರುವ ಬಿಸಿನೆಸ್ ಪ್ರೊಫೈಲಿನ ಲಿಂಕ್ ಅಂದೇ ಬದಲಿಸಿ. ಹಳೆಯ ಡೊಮೇನನ್ನು ಕಡಿಮೆಯೆಂದರೂ ಒಂದು ವರ್ಷ ನವೀಕರಿಸಿಕೊಳ್ಳಿ; ತೋಟದ ಗೇಟಿನ ಬೋರ್ಡು, ಕಾಫಿ ಪೊಟ್ಟಣಗಳ ಮೇಲೆ ಹಳೆಯ ಕ್ಯುಆರ್ ಕೋಡ್ ಇದ್ದರೆ ಅವು ಇರುವಷ್ಟು ಕಾಲವೂ.