ಲಾ ಇಂಟರ್ನ್‌ಶಿಪ್: ಬೆಂಗಳೂರಿನ ಫರ್ಮ್ ಒಳ್ಳೆಯದಾ, ತಾಲ್ಲೂಕು ಕೋರ್ಟ್ ವಕೀಲರ ಆಫೀಸಾ?

ಇಂಟರ್ನ್‌ಶಿಪ್ ಎಲ್ಲಿ ಮಾಡಲಿ ಅಂತ ಜೂನಿಯರ್‌ಗಳು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು. ಮೊದಲು ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರ ಹತ್ತಿರ ಹೋಗಿ. ಬೆಂಗಳೂರಿನ ಕಾರ್ಪೊರೇಟ್ ಫರ್ಮ್, ಹೈಕೋರ್ಟ್ ವಕೀಲರ ಆಫೀಸು, ನಮ್ಮೂರಿನ ಸೀನಿಯರ್ ಒಬ್ಬರ ಆಫೀಸು, ಮೂರೂ ಕಡೆ ಕೆಲಸ ಮಾಡಿದ್ದೇನೆ. ವಕೀಲಿಕೆ ಏನು ಅಂತ ಗೊತ್ತಾಗಿದ್ದು ಊರಿನಲ್ಲೇ.

ಫರ್ಮ್‌ನಲ್ಲಿ ಕೆಲಸ ಬೇಜಾರೇನೂ ಆಗಲಿಲ್ಲ. ಪಹಣಿ, ಮ್ಯುಟೇಶನ್, ಕ್ರಯಪತ್ರ ಓದಿ ಎಕ್ಸೆಲ್ ಶೀಟ್ ತುಂಬುತ್ತಿದ್ದೆ. ತಲೆ ಕೆಡಿಸಿದ್ದು ಸರ್ಟಿಫಿಕೇಟ್. ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಎರಡು ಸಾಲಿನ ಪತ್ರ ಬಂತು. ಸೇರಿದ ತಾರೀಖು ಇತ್ತು, ಮುಗಿಸಿದ ತಾರೀಖು ಇರಲಿಲ್ಲ. ಸರಿ ಮಾಡಿಕೊಡಿ ಅಂದರೆ, ಸಹಿ ಹಾಕುವವರು ರಜೆ ಅಂದರು. ಆಮೇಲೆ ಉತ್ತರವೇ ಇಲ್ಲ.

ಒಂದು ತಾರೀಖು ತಾನೇ ಅನ್ನಬೇಡಿ. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗಬೇಕು. ಒಂದೇ ಸಮನೆ 4 ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಹೀಗಿರುವಾಗ ಮುಗಿಸಿದ ತಾರೀಖಿಲ್ಲದ ಪತ್ರದಲ್ಲಿ ಕಾಲೇಜಿನವರು ವಾರ ಎಣಿಸುವುದು ಹೇಗೆ? ವಾಪಸ್ ಕೊಟ್ಟರು. ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲಾ ಕೈಯಿಂದಲೇ ಹಾಕಿದ್ದೆ, ಸ್ಟೈಪೆಂಡ್ ಇರಲಿಲ್ಲ. ಅಷ್ಟು ವಾರಗಳ ಕೆಲಸ ಲೆಕ್ಕಕ್ಕೇ ಬರಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇನ್ನೊಂದು ವಿಷಯ. ಕ್ಲಿನಿಕಲ್ ಪೇಪರಿನಲ್ಲಿ, ಅಂದರೆ ಲಾ ಕೋರ್ಸಿನ ಪ್ರಾಕ್ಟಿಕಲ್ ವಿಷಯದಲ್ಲಿ, ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೇ 30 ಅಂಕ ಇದೆ. ಎಕ್ಸೆಲ್ ಮುಂದೆ ಕೂತರೆ ಅದು ಸಿಗುವುದಿಲ್ಲ.

ಹೈಕೋರ್ಟಿನಲ್ಲಿ ರಿಸರ್ಚ್ ಚೆನ್ನಾಗಿ ಕಲಿಯಬಹುದು. ಆದರೆ ಅಲ್ಲಿ ಹೆಚ್ಚಾಗಿ ಅಪೀಲು, ರಿಟ್ಟು. ಸಾಕ್ಷಿ ಕಟಕಟೆ ಹತ್ತುವುದನ್ನು ನೋಡುವುದು ಅಪರೂಪ. ಧಾರವಾಡ, ಕಲಬುರಗಿ ಕಡೆಯವರಿಗೆ ಅಲ್ಲೇ ಪೀಠ ಇದೆ, ಬೆಂಗಳೂರಿಗೆ ಬಂದು ಖರ್ಚು ಮಾಡಬೇಕಾಗಿಲ್ಲ.

ಊರಿನ ಆಫೀಸಿನಲ್ಲಿ ಬೆಳಿಗ್ಗೆ ಗುಮಾಸ್ತರ ಜೊತೆ ಫೈಲ್ ಜೋಡಿಸುವುದು, ವಕಾಲತ್ತಿಗೆ ಸಹಿ ಮಾಡಿಸುವುದು, ವಾಯಿದೆ ಬರೆದುಕೊಳ್ಳುವುದು. ಹನ್ನೊಂದರಿಂದ ಕೋರ್ಟ್ ಹಾಲ್. ಒಂದು ಜಮೀನಿನ ತಡೆಯಾಜ್ಞೆ ದಾವೆ ಚೆನ್ನಾಗಿ ನೆನಪಿದೆ. ನಮ್ಮ ಸೀನಿಯರ್ ಪಾಟೀಸವಾಲಿನಲ್ಲಿ ವಾದಿಗೆ ಕೇಳಿದ್ದು ಸಣ್ಣ ಪ್ರಶ್ನೆ, 'ನಿಮ್ಮ ಜಮೀನಿನ ಪೂರ್ವಕ್ಕೆ ಯಾರ ಜಮೀನಿದೆ?' ಅವರು ಹೇಳಿದ ಹೆಸರು ಬೇರೆ, ವಾದಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ಜಮೀನಿನ ಗಡಿ ವಿವರದಲ್ಲಿ, ಇದ್ದ ಹೆಸರು ಬೇರೆ. ಸ್ವಾಧೀನದಲ್ಲಿ ಇದ್ದೇನೆ ಅನ್ನುವವರಿಗೇ ಪಕ್ಕದ ಜಮೀನು ಗೊತ್ತಿಲ್ಲ! ಸೀನಿಯರ್ ಮುಂದೆ ಏನೂ ಕೇಳದೆ ಸುಮ್ನೆ ಕೂತರು. ಆಫೀಸಿಗೆ ಬಂದ ಮೇಲೆ ಕಾರಣ ಹೇಳಿದರು: 'ಬೇಕಾದ ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರೆ, ಸಾಕ್ಷಿಗೆ ತಿದ್ದಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತೆ ಕಣಮ್ಮ.' ಸಾಕ್ಷ್ಯ ಕಾಯ್ದೆಯ ಪಾಠ ಎಷ್ಟು ಕೇಳಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ಮಾಡಿದ ಕೆಲಸ ಬರೆದಿಡುವ ಡೈರಿಗೆ ಸೀನಿಯರ್ರೇ ಆಗಾಗ ಸಹಿ ಹಾಕಿದರು. ಮನೆ ಊಟ, ಬಾಡಿಗೆ ಇಲ್ಲ. ನನ್ನ ಬಜೆಟ್ಟಿಗೂ, ಕೋರ್ಟಿನಲ್ಲೇ ನಿಂತು ವಾದ ಮಾಡಬೇಕೆಂಬ ನನ್ನ ಆಸೆಗೂ ಇದೇ ಸರಿ.

ಕಂಪನಿ ಕೆಲಸವೇ ಬೇಕು ಅನ್ನುವವರು ಕೊನೆಯ ವರ್ಷ ಫರ್ಮ್‌ಗೆ ಹೋಗಿ. ಇಂಟರ್ನ್ ಆದವರಲ್ಲೇ ಕೆಲವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಫರ್ಮ್‌ಗಳಿವೆ. ಆದರೆ ಸರ್ಟಿಫಿಕೇಟಿನಲ್ಲಿ ಎರಡೂ ತಾರೀಖು ಇರಬೇಕು ಅಂತ ಸೇರುವ ದಿನವೇ ಮೇಲ್ ಹಾಕಿ, ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ.