ಮುಂಬೈನ ಸಾಯನ್ ಕಡೆಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಧಾನ ಕೂಟ: ಹೋಗಿ ಬಂದವಳ ಮಾತು

ಸಭೆಯ ಒಬ್ಬ ಅಕ್ಕನ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ. ಕ್ರಿಸ್‌ಮಸ್ ಊಟದ ಲೆಕ್ಕದಲ್ಲಿ 600 ರೂಪಾಯಿ ಕಮ್ಮಿ ಬಂತು. ಅವರು ಎಲ್ಲರ ಮುಂದೆ "ಇವಳ ಕೈಗೇ ಕೊಟ್ಟಿದ್ದು" ಅಂದುಬಿಟ್ಟರು. ಆಮೇಲೆ ನಾನು ಬಾಗಿಲ ಹತ್ತಿರದ ಬೆಂಚಲ್ಲಿ ಕೂತು, ಕಡೆಯ ಹಾಡು ಮುಗಿಯುವ ಮುಂಚೆಯೇ ಎದ್ದು ಸ್ಟೇಷನ್ ಕಡೆ ನಡೆದುಬಿಡುತ್ತಿದ್ದೆ.

ಹೀಗೆ ಮನಸ್ತಾಪ ಆದವರನ್ನು ಕೂರಿಸಿ ಮಾತಾಡಿಸುವ ಈ ಕೂಟ ತಿಂಗಳಿಗೊಂದು ಶನಿವಾರ ಸಂಜೆ. ದುಡ್ಡು ಕೇಳಲ್ಲ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ಮೊದಲು ಕೇಳಿದ್ದು ಒಂದೇ: "ನೀವೇ ಹೋಗಿ ಅವರ ಹತ್ತಿರ ಮಾತಾಡಿದ್ರಾ ಅಮ್ಮ?" ಇಲ್ಲ. ಅವರೊಬ್ಬರನ್ನು ಬಿಟ್ಟು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಬೈಬಲಿನಲ್ಲಿ ಮತ್ತಾಯ 18:15ರಿಂದ 17 ತೆರೆದು ತೋರಿಸಿದರು. ಮೊದಲು ಇಬ್ಬರೇ ಕೂತು ಮಾತಾಡಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಅದೂ ಆಗದಿದ್ದರೆ ಮಾತ್ರ ಸಭೆಗೆ ಹೇಳಬೇಕು. ನಾವೆಲ್ಲ ಕೊನೆಯಿಂದಲೇ ಶುರು ಮಾಡ್ತೀವಿ, ಅಲ್ವಾ?

ನಮ್ಮಿಬ್ಬರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಅವರು ಹೊರಗೆ ಹೋದರು. ಅಕ್ಕನ ಕೈಯಲ್ಲಿದ್ದ ಕರವಸ್ತ್ರ ಸುತ್ತಿ ಸುತ್ತಿ ಹಗ್ಗದಂತಾಗಿತ್ತು. "ಆ ದುಡ್ಡು ಸಿಲಿಂಡರಿಗೆ ಹೋಗಿತ್ತು, ನಾನೇ ಬರೆಯೋದು ಮರೆತಿದ್ದೆ ಕಣೇ, ಹೇಳೋಕೆ ಮುಖ ಬರಲಿಲ್ಲ" ಅಂದರು. ಅವರ ಹೆಸರು ಕೆಡಿಸಿದ್ದಕ್ಕೆ ನಾನೂ ಕ್ಷಮೆ ಕೇಳಿದೆ. ಇಬ್ಬರೂ ಅತ್ತೆವು.

ಕೊರತೆ ಅಂದರೆ ಸಮಯ. ಮುಗಿಯೋವಾಗ ರಾತ್ರಿ ಎಂಟು ಗಂಟೆ ಆಗಿಬಿಡುತ್ತೆ, ಕಲ್ಯಾಣ್ ಕಡೆಯವರಿಗೆ ಲೋಕಲ್ ರೈಲು ಹತ್ತೋದೇ ಕಷ್ಟ. ಇನ್ನೊಂದು ಮಾತು, ಹೊಡೆತ ಬೆದರಿಕೆ ಇದ್ದರೆ ಇಲ್ಲಿ ಸುಮ್ನೆ ರಾಜಿಗೆ ಕೂರಬೇಡಿ, ಪೊಲೀಸರ ಹತ್ತಿರ ಹೋಗಿ. ಅಯ್ಯನವರೂ ಇದನ್ನೇ ಹೇಳ್ತಾರೆ. ಈಗ ಅಕ್ಕ ನನಗೆ ಮುಂದಿನ ಬೆಂಚಲ್ಲಿ ಜಾಗ ಹಿಡಿದಿಡುತ್ತಾರೆ.