ಬ್ಯಾಂಡ್ ಸೆಟ್ಟಾ, ಆರ್ಕೆಸ್ಟ್ರಾನಾ? ಎರಡರಲ್ಲೂ ಟ್ರಂಪೆಟ್ ಊದಿದವನ ಲೆಕ್ಕ

ಹಾಸನದಲ್ಲಿ 11 ವರ್ಷದಿಂದ ಬ್ಯಾಂಡ್ ಸೆಟ್ಟಲ್ಲಿ ಟ್ರಂಪೆಟ್ ಊದ್ತಿದೀನಿ, ಮಧ್ಯೆ 4 ವರ್ಷ ಆರ್ಕೆಸ್ಟ್ರಾಗೂ ಹೋಗ್ತಿದ್ದೆ. ಆರ್ಕೆಸ್ಟ್ರಾ ಅಂದ್ರೆ ನಮ್ಮ ಕಡೆ ಗೊತ್ತಲ್ಲ, ರಸಮಂಜರಿ. ಪಿಟೀಲಿನೋರೇ ಸಾಲುಸಾಲು ಕೂರೋ ಸಿಂಫನಿ ಅಲ್ಲ. (ಅದಕ್ಕೂ ನಮಗೂ ಏನ್ ಸಂಬಂಧ ಅನ್ಬೇಡಿ, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದೋರು ನಮ್ಮ ಜಯಚಾಮರಾಜ ಒಡೆಯರ್ರೇ.)

ಮೊದಲು ಬ್ಯಾಂಡು. ಕೆಂಪು ಕೋಟು, ಜರಿ ಪಟ್ಟಿ, ಬೆವರು. ಗಣಪತಿ ಬಿಡೋ ಸೀಸನ್ನಲ್ಲಿ ಸಂಜೆ ಶುರು ಮಾಡಿದ್ರೆ ಮಧ್ಯರಾತ್ರಿವರೆಗೂ ನಡ್ಕೊಂಡೇ ಊದಬೇಕು. ನಿಂತು ಊದೋದು ಬೇರೆ, ನಡೀತಾ ಊದೋದೇ ಬೇರೆ, ರೋಡ್ ಹಂಪ್ ನೋಡದೆ ಕಾಲಿಟ್ರೆ ಮೌತ್‌ಪೀಸು ಸೀದಾ ಹಲ್ಲಿಗೆ ಬಡಿಯುತ್ತೆ, ನನ್ನ ಮೇಲ್ತುಟಿ ಒಳಗೆ ಇವತ್ತಿಗೂ ಒಂದು ಗಂಟು ಇದೆ. ಆದ್ರೆ ಬ್ಯಾಂಡಲ್ಲಿ ಒಂದು ದೊಡ್ಡ ಸಮಾಧಾನ, ಎಲ್ರೂ ಒಂದೇ ಟ್ಯೂನ್ ಊದ್ತಾರೆ. ಕ್ಲಾರಿನೆಟ್ಟು, ಸ್ಯಾಕ್ಸು, ಎರಡು ಟ್ರಂಪೆಟ್ಟು, ಕೆಳಗೆ ಯುಫೋನಿಯಂ (ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ), ಎಲ್ಲಾ ಒಂದೇ ಹಾಡಿನ ಬೆನ್ನು ಹತ್ತಿರ್ತವೆ. ನಾನು ಉಸಿರು ಎಳ್ಕೊಳ್ಳೋ ಹೊತ್ತಿಗೆ ಕ್ಲಾರಿನೆಟ್ ಅಣ್ಣ ಹಾಡನ್ನ ಎತ್ಕೊಂಡಿರ್ತಿದ್ದ, ಅವನು ಬೀಡಿ ಕೆಮ್ಮು ಕೆಮ್ಮೋವಾಗ ನಾನು. ಒಂದು ಸ್ವರ ತಪ್ಪಿದ್ರೂ ಬೇಸ್ ಡ್ರಮ್ಮಿನ ಸದ್ದಲ್ಲಿ ಮುಚ್ಚೋಗುತ್ತೆ. ರಾತ್ರಿ ಹತ್ತಾದ್ಮೇಲೆ ತುಟಿ ಸತ್ತೋಗುತ್ತೆ, ಆಗ ಮೇಲಿನ ಸ್ವರ ಏನ್ ಮಾಡಿದ್ರೂ ಹತ್ತಲ್ಲ. "ತುಟಿಗೆ ಒತ್ತಬೇಡ ಮಗಾ, ಹೊಟ್ಟೆಯಿಂದ ಊದು" ಅಂತ ಮಾಸ್ಟರ್ ನೂರು ಸಲ ಬೈದಿದಾರೆ, ಅರ್ಥ ಆಗಿದ್ದು ಮೂರನೇ ವರ್ಷಕ್ಕೆ.

ಆರ್ಕೆಸ್ಟ್ರಾ ನೋಡೋಕೆ ಆರಾಮು. ಸ್ಟೇಜು, ಕುರ್ಚಿ, ಫ್ಯಾನು, ಮುಂದೆ ಮೈಕು, ದುಡ್ಡೂ ನನಗೆ ಡಬ್ಬಲ್ ಸಿಗ್ತಿತ್ತು. ನವೆಂಬರ್ ಪೂರ್ತಿ ರಾಜ್ಯೋತ್ಸವ, ಒಂದಿನ ಹಾಸನಾಂಬ ಕಲಾಕ್ಷೇತ್ರ, ಇನ್ನೊಂದಿನ ಯಾವ್ದೋ ಸರ್ಕಲ್ಲಲ್ಲಿ ಪೆಂಡಾಲು. ಆದ್ರೆ ಕೆಲಸ ಏನಪ್ಪಾ ಅಂದ್ರೆ ಕಾಯೋದು. ಪಲ್ಲವಿ ಮುಗೀಬೇಕು, ಆಮೇಲೆ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಕಾದು, ನಂದೊಂದು ಚಿಕ್ಕ ಬಿಟ್, ಎಂಟು ಸೆಕೆಂಡು ಅಷ್ಟೇ, ಮತ್ತೆ ಟ್ರಂಪೆಟ್ಟು ತೊಡೆ ಮೇಲೆ. ಆ ಎಂಟು ಸೆಕೆಂಡಲ್ಲಿ ನನ್ನನ್ನ ಮುಚ್ಚಾಕೋಕೆ ಯಾರೂ ಇಲ್ಲ. ಕೂತು ಕೂತು ಪೈಪು ತಣ್ಣಗಾಗಿರುತ್ತೆ, ಒಳಗಿನ ಗಾಳಿ ತಣ್ಣಗಾದ್ರೆ ಶ್ರುತಿ ಇಳಿಯುತ್ತೆ, ಚಿಕ್ಕಮಗಳೂರಲ್ಲಿ ಡಿಸೆಂಬರ್ ರಾತ್ರಿ ಬಯಲಲ್ಲಿ ಪ್ರೋಗ್ರಾಮ್ ಇದ್ರಂತೂ ಕೇಳ್ಲೇಬೇಡಿ. ಕೀಬೋರ್ಡಿಗೆ ಚಳಿ ಆಗಲ್ವಲ್ಲ, ಅದು 440 ಹರ್ಟ್ಸ್ ಶ್ರುತಿಯಲ್ಲೇ ಕಲ್ಲಿನ ಹಾಗೆ ಕೂತಿರುತ್ತೆ. ನಾನು ಬೇರೆಯವರ ಹಾಡು ನಡೀವಾಗ ಸ್ವರ ಬರದ ಹಾಗೆ ಸುಮ್ನೆ ಬಿಸಿ ಉಸಿರು ಬಿಡ್ತಾ ಕೂರ್ತಿದ್ದೆ, ಮುಂದೆ ಕೂತೋರು ಇವನಿಗೇನೋ ಉಬ್ಬಸ ಅನ್ಕೊಂಡಿರ್ಬೇಕು.

ಇನ್ನು ಸ್ಕೇಲು. ನಮ್ಮ ಟ್ರಂಪೆಟ್ಟು ಬಿ ಫ್ಲ್ಯಾಟು, ಅಂದ್ರೆ ಕೀಬೋರ್ಡಿನೋನು ಸಿ ಅಂದ್ರೆ ನಾನು ಡಿ ಹಿಡೀಬೇಕು, ಯಾವಾಗ್ಲೂ ಎರಡು ಮೆಟ್ಟಿಲು ಮೇಲೆ. ಬ್ಯಾಂಡಲ್ಲಿ ಇದು ತಲೆನೋವೇ ಅಲ್ಲ, ಊದೋಕೆ ಸಲೀಸಾದ ಸ್ಕೇಲನ್ನ ನಾವೇ ಆರಿಸ್ಕೊತೀವಿ, ಹಾಡೋರು ಯಾರಿರ್ತಾರೆ. ಆರ್ಕೆಸ್ಟ್ರಾದಲ್ಲಿ ಹಾಡೋರದ್ದೇ ರಾಜ್ಯ. ಒಂದು ರಾಜ್ಯೋತ್ಸವದಲ್ಲಿ ವಾರವೆಲ್ಲ ಸಿ ಸ್ಕೇಲಲ್ಲಿ ಪ್ರಾಕ್ಟೀಸ್ ಮಾಡಿದ್ದ ಹಾಡನ್ನ, ಸಿಂಗರ್ ಗಂಟಲು ಸರಿ ಇಲ್ಲ ಅಂತ ಸ್ಟೇಜ್ ಮೇಲೇ ಅರ್ಧ ಸ್ವರ ಇಳಿಸಿ ಬಿ ಮಾಡಿದ್ರು. ಕೀಬೋರ್ಡಿನೋನು ಟ್ರಾನ್ಸ್‌ಪೋಸ್ ಬಟನ್ (ಸ್ಕೇಲನ್ನ ತಾನೇ ಬದಲಿಸೋದು) ಒಂದು ಸಲ ಒತ್ತಿ ನನ್ನ ಕಡೆ ನೋಡಿ ನಕ್ಕ, ಅವನ ಬೆರಳು ಅದೇ ಜಾಗದಲ್ಲಿ. ನನಗೆ ಡಿ ಹೋಗಿ ಸಿ ಶಾರ್ಪ್ ಬಂತು, ಏಳಕ್ಕೆ ಏಳೂ ಸ್ವರ ಶಾರ್ಪು (ಅರ್ಧ ಸ್ವರ ಮೇಲೆ), ಕೆಳಗಿನ ಷಡ್ಜಕ್ಕೇ ಮೂರೂ ವಾಲ್ವ್ ಒತ್ತಬೇಕು, ಅದೂ ಹುಟ್ಟಾ ಸ್ವಲ್ಪ ಮೇಲೆ ನುಡಿಯೋ ಸ್ವರ, ಮೂರನೇ ಸ್ಲೈಡನ್ನ (ಒಳಗೆ ಹೊರಗೆ ಜಾರೋ ಪೈಪು) ಹೊರಗೆ ತಳ್ಳಿ ಸರಿ ಮಾಡ್ಬೇಕು. ನಂದು ಕಿಲುಬು ಹಿಡಿದು ಅಂಟ್ಕೊಂಡಿತ್ತು. ಬಂದ ಸದ್ದು ಕೆಎಸ್‌ಆರ್‌ಟಿಸಿ ಬಸ್ಸಿನ ಹಾರ್ನ್ ತರ ಇತ್ತು, ಮುಂದಿನ ಸಾಲಲ್ಲಿ ಒಂದು ಮಗು ಚಪ್ಪಾಳೆ ಬೇರೆ ತಟ್ತು. ಮುಂದಿನ ಪ್ರೋಗ್ರಾಮಿಗೆ ನನ್ನ ಬಿಟ್ಟನ್ನ ಕೀಬೋರ್ಡಲ್ಲೇ ಟ್ರಂಪೆಟ್ ಟೋನ್ ಹಾಕಿ ನುಡಿಸಿದ್ರು, ನಿಜ ಹೇಳ್ಬೇಕಂದ್ರೆ ದೂರದಿಂದ ಪರವಾಗಿಲ್ಲ ಅನ್ನಿಸ್ತು, ಅದೇ ಹೊಟ್ಟೆ ಉರೀತು.

ಕಿವಿ ಬಂದಿದ್ದು ಮಾತ್ರ ಆರ್ಕೆಸ್ಟ್ರಾದಿಂದಲೇ. ಬ್ಯಾಂಡಲ್ಲಿ ವರ್ಷಗಟ್ಟಲೆ ಊದಿದ್ರೂ ನನ್ನ ಮೇಲಿನ ಪಂಚಮ ಕಾಲು ಸ್ವರ ಕೆಳಗಿದೆ ಅಂತ ಯಾರೂ ಹೇಳಿರ್ಲಿಲ್ಲ, ಸ್ಟೇಜಿನ ಮಾನಿಟರಲ್ಲಿ (ನಮ್ಮ ಕಡೆಗೇ ತಿರುಗಿಸಿಟ್ಟ ಸ್ಪೀಕರು) ನಾನೇ ಕೇಳಿದ್ಮೇಲೆ ಗೊತ್ತಾಯ್ತು. ಈಗ ದಿಬ್ಬಣದಲ್ಲೂ ಕ್ಲಾರಿನೆಟ್ ಅಣ್ಣನ ಶ್ರುತಿ ಮೊದಲು ಕೇಳಿ, ಸ್ಲೈಡ್ ನೋಡ್ಕೊಂಡು, ಆಮೇಲೆ ಊದ್ತೀನಿ. ಅವನು ದೊಡ್ಡ ವಿದ್ವಾಂಸ ಆಗ್ಬಿಟ್ಯಾ ಅಂತ ರೇಗಿಸ್ತಾನೆ.

ಹೊಸಬರು ಕೇಳಿದ್ರೆ ಮೊದಲು ಎರಡು ಗಣಪತಿ ಸೀಸನ್ ಬ್ಯಾಂಡಲ್ಲಿ ಊದಿ ಬನ್ನಿ ಅಂತೀನಿ, ತುಟಿ ಗಟ್ಟಿಯಾಗ್ದೆ ಮೈಕ್ ಮುಂದೆ ಹೋದ್ರೆ ಮಾನ ಹೋಗುತ್ತೆ. ನನ್ನನ್ನ ಈಗ್ಲೂ ಆರ್ಕೆಸ್ಟ್ರಾದವರು ಒಂದೊಂದ್ಸಲ ಕರೀತಾರೆ, ದುಡ್ಡೆಷ್ಟು ಅಂತ ಆಮೇಲೆ ಕೇಳ್ತೀನಿ, ಮೊದಲು ಸಿಂಗರ್ ಸ್ಕೇಲ್ ಯಾವುದು ಅಂತೀನಿ. ಬಿ ಅಂದ್ರೆ, ಆವತ್ತು ನನಗೆ ಚಿಕ್ಕಮಗಳೂರಲ್ಲಿ ಯಾವ್ದಾದ್ರೂ ಒಂದು ಮದುವೆ ಇದ್ದೇ ಇರುತ್ತೆ.